ಎಕ್ಸ್-ಮೆನ್ ಓದೋಕೆ ಎಲ್ಲಿಂದ ಶುರು ಮಾಡಬೇಕು?

ಒಂದನೇ ಸಂಚಿಕೆಯಿಂದ ಮಾತ್ರ ಬೇಡ. ಹುಟ್ಟಿನಿಂದಲೇ ವಿಶೇಷ ಶಕ್ತಿ ಇರುವವರ ತಂಡದ ಈ ಮಾರ್ವೆಲ್ ಕಾಮಿಕ್ಸನ್ನು 1963ರಲ್ಲಿ ಸ್ಟ್ಯಾನ್ ಲೀ, ಜ್ಯಾಕ್ ಕರ್ಬಿ ಶುರು ಮಾಡಿದ್ದು ಅನ್ನೋ ಗೌರವ ನನಗೂ ಇದೆ. ಆದರೆ ಅಲ್ಲಿಂದ ಹೊರಟವರು ಹತ್ತು ಸಂಚಿಕೆ ದಾಟುವುದೇ ಕಷ್ಟ. 1970ರಿಂದ 75ರವರೆಗೆ ಹೊಸ ಕಥೆಯೇ ಇಲ್ಲ, ಹಳೆಯದನ್ನೇ ಮತ್ತೆ ಅಚ್ಚು ಹಾಕುತ್ತಿದ್ದರು.

ಸೀದಾ 1975ರ 'ಜೈಂಟ್-ಸೈಜ್ ಎಕ್ಸ್-ಮೆನ್' ಹಿಡಿಯಿರಿ. ಕೀನ್ಯಾದಿಂದ ಸ್ಟಾರ್ಮ್, ಕೆನಡಾದಿಂದ ವುಲ್ವರಿನ್, ಜರ್ಮನಿಯಿಂದ ನೈಟ್‌ಕ್ರಾಲರ್, ಎಲ್ಲರೂ ತಂಡ ಸೇರುವುದು ಇಲ್ಲೇ. ಆಮೇಲೆ ಮೂಲ ಸರಣಿಯ 94ನೇ ಸಂಚಿಕೆ. ಅಲ್ಲಿಂದ 1991ರವರೆಗೆ ಕ್ರಿಸ್ ಕ್ಲೇರ್‌ಮಾಂಟ್ ಬರೆದಿದ್ದಾರೆ. ಅಷ್ಟೆಲ್ಲ ಪುರುಸೊತ್ತಿಲ್ಲ ಅಂದ್ರೆ 129ರಿಂದ 138 ಓದಿ, ತಂಡದ ಜೀನ್ ಗ್ರೇ ಶಕ್ತಿಯ ಹತೋಟಿ ತಪ್ಪಿ ಡಾರ್ಕ್ ಫೀನಿಕ್ಸ್ ಆಗುವ ಕಥೆ. ಜಾನ್ ಬರ್ನ್ ಚಿತ್ರಗಳಿಗಾಗಿಯಾದರೂ ಓದಬೇಕು.

ತಂಡದ ಕಥೆಯಲ್ಲಿ ಎಲ್ಲರನ್ನೂ ನೆನಪಿಟ್ಟುಕೊಳ್ಳಲು ಹೋಗಬೇಡಿ, ತಲೆ ಕೆಡುತ್ತದೆ. ಒಬ್ಬರನ್ನು ಆರಿಸಿಕೊಂಡು ಅವರ ಹಿಂದೆ ಹೋಗಿ. ನಾನು ಸ್ಟಾರ್ಮ್ ಪಾರ್ಟಿ. ಯಾಕೆ ಅಂತ 201ನೇ ಸಂಚಿಕೆ ಓದಿದರೆ ಗೊತ್ತಾಗುತ್ತದೆ. ಅಷ್ಟು ಹೊತ್ತಿಗೆ ಮಳೆ-ಗಾಳಿ ಆಳುವ ಅವಳ ಶಕ್ತಿಯೆಲ್ಲ ಹೋಗಿದೆ. ತಂಡದ ಹಳೇ ನಾಯಕ ಸೈಕ್ಲಾಪ್ಸ್‌ಗೆ ಮಗ ಹುಟ್ಟಿದ್ದಾನೆ, ಹೆಂಡತಿ ಮನೆಗೆ ಬಾ ಅಂತಾಳೆ, ಇವನಿಗೆ ತಂಡ ಬಿಡೋಕೆ ಮನಸ್ಸಿಲ್ಲ. ನಾಯಕತ್ವ ಯಾರಿಗೆ ಅಂತ ಇಬ್ಬರೂ ಕಾದಾಡುತ್ತಾರೆ. ಕಣ್ಣಲ್ಲೇ ಕಿರಣ ಬಿಡುವವನನ್ನು ಬರಿಗೈಲಿ ಇದ್ದವಳು ಸೋಲಿಸುತ್ತಾಳೆ! ಹೊಡೆದಾಟ ನಾಲ್ಕಾರು ಪುಟ ಅಷ್ಟೇ. ಮಿಕ್ಕಿದ್ದು ಪೂರ್ತಿ ಸಂಸಾರದ ಜಗಳ. ಎಕ್ಸ್-ಮೆನ್ ಸ್ವಾರಸ್ಯ ಇರುವುದೇ ಅಲ್ಲಿ, ಆ ಪುಟಗಳನ್ನು ಹಾರಿಸಬೇಡಿ.

ಹೊಸದೇ ಬೇಕು ಅನ್ನುವವರಿಗೆ 2019ರಲ್ಲಿ ಜೊನಾಥನ್ ಹಿಕ್‌ಮನ್ ಬರೆದ 'ಹೌಸ್ ಆಫ್ ಎಕ್ಸ್', 'ಪವರ್ಸ್ ಆಫ್ ಎಕ್ಸ್' ಇವೆ. ಎರಡೂ ಸೇರಿ 12 ಸಂಚಿಕೆ. ಒಂದನ್ನು ಮುಗಿಸಿ ಇನ್ನೊಂದಲ್ಲ, ಬಂದ ಕ್ರಮದಲ್ಲೇ ಬೆರೆಸಿ ಓದಬೇಕು. ಎಲ್ಲರೂ ಕ್ರಕೋವಾ ದ್ವೀಪದಲ್ಲಿ ನೆಲೆಸಿದ ಆ ಕಾಲ 2024ರಲ್ಲಿ ಮುಗಿಯಿತು. ಆಮೇಲೆ ಜೆಡ್ ಮೆಕೇ ಬರೆಯುವ ತಂಡ ಅಲಾಸ್ಕಾಗೆ ಹೋಯಿತು, ಗೇಲ್ ಸಿಮೋನ್ ಅವರದು ಲೂಸಿಯಾನಾಗೆ. ಮೊದಲು ಒಂದನ್ನು ಹಿಡಿಯಿರಿ. ಸೈಕ್ಲಾಪ್ಸ್, ಅವನ ಹಳೇ ವೈರಿ ಮ್ಯಾಗ್ನೆಟೋ ಒಂದೇ ಸೂರಿನಡಿ ಇರುವುದು ನೋಡೋಕೆ ನನಗೆ ಅಲಾಸ್ಕಾನೇ ಇಷ್ಟ. ಒಂದು ಸಂಚಿಕೆಯಲ್ಲಿ ಕಥೆ ಇಪ್ಪತ್ತು ಚಿಲ್ಲರೆ ಪುಟ, ಹಾಗಾಗಿ ಐದು ಓದುವವರೆಗೆ ತೀರ್ಪು ಬೇಡ.

ಚಿಕ್ಕಮಗಳೂರಿನಲ್ಲಿ ಬಿಡಿ ಸಂಚಿಕೆ ನನ್ನ ಕಣ್ಣಿಗೆ ಬಿದ್ದಿಲ್ಲ. ಐದಾರು ಸಂಚಿಕೆ ಸೇರಿಸಿ ಕಟ್ಟಿದ ಪುಸ್ತಕ ಆನ್‌ಲೈನ್‌ನಲ್ಲಿ ತರಿಸಿ. ಬೆಂಗಳೂರಿಗೆ ಹೋದಾಗ ಚರ್ಚ್ ಸ್ಟ್ರೀಟ್‌ನ ಹಳೇ ಪುಸ್ತಕದಂಗಡಿಗಳಲ್ಲೂ ಹುಡುಕಬಹುದು. ಮಾರ್ವೆಲ್ ಅನ್‌ಲಿಮಿಟೆಡ್ ಆ್ಯಪ್ ಅಗ್ಗ, ಆದರೆ ಹೊಸ ಸಂಚಿಕೆ ಸುಮಾರು ಮೂರು ತಿಂಗಳು ತಡ. ಮೂಡಿಗೆರೆ, ಕೊಪ್ಪದ ಕಡೆಯವರು ಮಳೆ ಶುರುವಾಗುವ ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಆಮೇಲೆ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ.

ಪುಸ್ತಕಗಳನ್ನು ಗೋಡೆಗೆ ತಾಗಿಸಿ ಇಡಬೇಡಿ. ನುಣುಪು ಕಾಗದ ಥಂಡಿಗೆ ಒಂದಕ್ಕೊಂದು ಅಂಟುತ್ತದೆ. ಶೂ ಡಬ್ಬಿಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಎಸೆಯದೆ ಬೀರುವಿನೊಳಗೆ ಹಾಕಿ. ಬೂಷ್ಟು ಕಂಡರೆ ಒಣ ಬಟ್ಟೆಯಲ್ಲೇ ಒರೆಸಿ, ಒದ್ದೆ ಬಟ್ಟೆ ತಾಗಿಸಬೇಡಿ.