ಮೀಟರಿನಲ್ಲಿ 12.5 ವೋಲ್ಟ್ ಇದ್ದರೂ ಕೈಕೊಟ್ಟ ಬ್ಯಾಟರಿ: ನನ್ನ ಅನುಭವ

ಕಾರಿನ ಬ್ಯಾಟರಿ ಸಾಮಾನ್ಯವಾಗಿ ಹೇಳದೆ ಕೇಳದೆ ಹೋಗುವುದಿಲ್ಲ. ಬೆಳಿಗ್ಗೆ ಸೆಲ್ಫ್ ಹೊಡೆದಾಗ ಎಂಜಿನ್ ಭಾರವಾಗಿ ತಿರುಗುವುದು, ಹೆಡ್‌ಲೈಟ್ ಮಂಕಾಗುವುದು ಮುಂತಾದ ಸೂಚನೆಗಳು ವಾರಗಟ್ಟಲೆ ಮೊದಲೇ ಕಾಣಿಸುತ್ತವೆ. ಆದರೆ ಅಂಥ ಯಾವ ಸೂಚನೆಯನ್ನೂ ಕೊಡದೆ, ಹತ್ತು ನಿಮಿಷ ಮೊದಲು ಸರಿಯಾಗಿದ್ದ ಬ್ಯಾಟರಿ ಒಮ್ಮೆಲೇ ನಿಂತುಹೋಗುವುದೂ ಉಂಟು. ಕಲಬುರಗಿಯಿಂದ ಹುಮನಾಬಾದಿನ ಕಡೆಗೆ ಹೊರಟವನು ಕಮಲಾಪುರದಲ್ಲಿ ಕೆಂಪು ಬಾಳೆಹಣ್ಣು ಕೊಳ್ಳಲೆಂದು ಇಳಿದು, ಮರಳಿ ಬಂದು ಕೀಲಿ ತಿರುಗಿಸಿದಾಗ ನನಗೆ ಎದುರಾದದ್ದು ಈ ಎರಡನೆಯ ಬಗೆ.

ಕೀಲಿಯನ್ನು ಆನ್ ಮಾಡಿದಾಗ ಡ್ಯಾಶ್‌ಬೋರ್ಡಿನ ದೀಪಗಳೆಲ್ಲ ಸರಿಯಾಗಿಯೇ ಹೊತ್ತಿಕೊಂಡವು. ಸೆಲ್ಫ್ ಹೊಡೆದ ಕೂಡಲೇ ‘ಟಕ್’ ಎಂಬ ಒಂದೇ ಸದ್ದು ಬಂದು ಎಲ್ಲವೂ ಆರಿಹೋಯಿತು; ಕೀಲಿ ಬಿಟ್ಟರೆ ದೀಪಗಳು ಮತ್ತೆ ಬಂದವು. ಸುತ್ತ ಸೇರಿದವರಲ್ಲಿ ಒಬ್ಬರು “ಸೆಲ್ಫ್ ಮೋಟರ್ ಹೋಗ್ಯಾದ್ರಿ ಸರ್” ಎಂದು ತೀರ್ಪನ್ನೂ ಕೊಟ್ಟರು. ಮೋಟರಿಗೆ ಹೋಗುವ ದಾರಿಯಷ್ಟೇ ಕಡಿದಿದ್ದರೆ ದೀಪಗಳು ಉರಿಯುತ್ತಲೇ ಇರಬೇಕಿತ್ತು. ಅವು ಪೂರ್ತಿಯಾಗಿ ಆರುತ್ತವೆಂದರೆ ದೋಷವನ್ನು ಮೊದಲು ಬ್ಯಾಟರಿಯಲ್ಲಿ, ಇಲ್ಲವೇ ಅದರ ಟರ್ಮಿನಲ್ ಮತ್ತು ಕೇಬಲ್‌ಗಳಲ್ಲಿ ಹುಡುಕಬೇಕು.

ಕಾರಿನಲ್ಲಿ ನಾನು ಸದಾ ಒಂದು ಅಗ್ಗದ ಮಲ್ಟಿಮೀಟರ್ ಇಟ್ಟಿರುತ್ತೇನೆ. ಬಾನೆಟ್ ತೆಗೆದು ಅಳೆದಾಗ ಅದು 12.5 ವೋಲ್ಟ್ ತೋರಿಸಿತು. ಪೂರ್ತಿ ಚಾರ್ಜ್ ಆದ ಬ್ಯಾಟರಿ ಸುಮ್ಮನಿದ್ದಾಗ 12.6 ವೋಲ್ಟಿನ ಆಸುಪಾಸು ತೋರಿಸುತ್ತದೆ, 12.2ಕ್ಕೆ ಇಳಿದರೆ ಅರ್ಧ ಖಾಲಿಯಾಗಿದೆ ಎಂದು ತಿಳಿಯಬೇಕು. ಈ ಲೆಕ್ಕದಲ್ಲಿ ನನ್ನ ಬ್ಯಾಟರಿ ಹೆಚ್ಚುಕಡಿಮೆ ತುಂಬಿಯೇ ಇತ್ತು. ಬಹಳ ಜನ ದಾರಿ ತಪ್ಪುವುದು ಇಲ್ಲಿಯೇ. ಮೀಟರು ಅಳೆಯುವಾಗ ಎಳೆದುಕೊಳ್ಳುವ ಕರೆಂಟು ಏನೇನೂ ಅಲ್ಲ, ಸೆಲ್ಫ್ ಮೋಟರು ಬೇಡುವುದು ನೂರು ಆಂಪಿಯರಿಗೂ ಹೆಚ್ಚು. ಆದ್ದರಿಂದ ಸುಮ್ಮನಿರುವ ಬ್ಯಾಟರಿಯ ವೋಲ್ಟೇಜು ಅದರ ಶಕ್ತಿಯ ಬಗ್ಗೆ ಅರ್ಧ ಮಾತನ್ನಷ್ಟೇ ಹೇಳುತ್ತದೆ.

ಉಳಿದರ್ಧ ತಿಳಿಯಲು ಮೀಟರಿನ ಎರಡು ಕಡ್ಡಿಗಳನ್ನು ಕೇಬಲಿನ ಬಳೆಗಳಿಗೆ ತಾಗಿಸದೆ ಬ್ಯಾಟರಿಯ ಸೀಸದ ಗೂಟಗಳ ಮೇಲೆಯೇ ಒತ್ತಿ ಹಿಡಿದು, ಹಣ್ಣಿನ ಅಂಗಡಿಯ ಹುಡುಗನಿಗೆ ಸೆಲ್ಫ್ ಹೊಡೆಯಲು ಹೇಳಿದೆ. ಅಂಕಿ 4 ವೋಲ್ಟಿಗಿಂತ ಕೆಳಕ್ಕೆ ಕುಸಿದು, ಕೀಲಿ ಬಿಟ್ಟ ಮೇಲೆ ತಾನಾಗಿ 12ರ ಮೇಲಕ್ಕೆ ಏರಿತು. ಆರೋಗ್ಯವಾಗಿರುವ ಬ್ಯಾಟರಿ ಸೆಲ್ಫ್ ಹೊಡೆಯುವಾಗಲೂ 9.6 ವೋಲ್ಟಿಗಿಂತ ಕೆಳಗೆ ಇಳಿಯಬಾರದು. ಗೂಟಗಳ ಮೇಲೆ 12 ವೋಲ್ಟ್ ಹಾಗೆಯೇ ನಿಂತು ಡ್ಯಾಶ್‌ಬೋರ್ಡ್ ಮಾತ್ರ ಆರಿದ್ದರೆ ದೋಷ ಟರ್ಮಿನಲ್ ಬಳೆಯಲ್ಲೋ, ಕೇಬಲಿನಲ್ಲೋ, ಕಾರಿನ ಲೋಹದ ಮೈಗೆ ಜೋಡಿಸಿದ ಅರ್ಥಿಂಗಿನಲ್ಲೋ ಇದೆ ಎಂದು ತೀರ್ಮಾನಿಸುತ್ತಿದ್ದೆ. ಆಗ ಉಪ್ಪಿನಂತೆ ಕಟ್ಟಿರುವ ಬಿಳಿ ಪುಡಿಯನ್ನು ಬಿಸಿನೀರು, ಅಡುಗೆ ಸೋಡಾ ಹಾಕಿ ತೊಳೆದು ಬಳೆಯನ್ನು ಬಿಗಿ ಮಾಡಿದರೆ ಬಹುಮಟ್ಟಿಗೆ ಕೆಲಸ ಮುಗಿಯುತ್ತದೆ. ನನ್ನ ಗೂಟಗಳು ಸ್ವಚ್ಛವಾಗಿದ್ದವು, ಬಳೆಗಳೂ ಬಿಗಿಯಾಗಿದ್ದವು. ಹಾಗಾಗಿ ಬ್ಯಾಟರಿಯ ಒಳಗೇ ಎಲ್ಲೋ ಸಂಪರ್ಕ ಕಡಿದಿದೆ ಎಂಬುದು ಅಲ್ಲಿಯೇ ಖಚಿತವಾಯಿತು.

ಪಕ್ಕದಲ್ಲಿದ್ದ ಜೀಪಿನವರ ನೆರವಿನಿಂದ ಜಂಪರ್ ಕೇಬಲ್ ಹಾಕಿದೆವು. ಕೆಂಪು ಕೇಬಲನ್ನು ಮೊದಲು ಕೆಟ್ಟ ಬ್ಯಾಟರಿಯ ಪ್ಲಸ್‌ಗೆ, ಆಮೇಲೆ ಒಳ್ಳೆಯ ಬ್ಯಾಟರಿಯ ಪ್ಲಸ್‌ಗೆ ಹಾಕಬೇಕು. ಕಪ್ಪನ್ನು ಒಳ್ಳೆಯ ಬ್ಯಾಟರಿಯ ಮೈನಸ್‌ಗೆ ಹಾಕಿ, ಅದರ ಕೊನೆಯ ತುದಿಯನ್ನು ಕೆಟ್ಟ ಕಾರಿನ ಎಂಜಿನ್ನಿನ ಬರಿ ಲೋಹಕ್ಕೆ, ಬ್ಯಾಟರಿಯಿಂದ ದೂರದಲ್ಲಿ ಕಚ್ಚಿಸಬೇಕು. ಬ್ಯಾಟರಿಯಿಂದ ಹೊರಬರುವ ಹೈಡ್ರೋಜನ್ನಿಗೆ ಕೊನೆಯ ಕಿಡಿ ತಾಗಬಾರದೆಂಬುದೇ ಈ ಕ್ರಮಕ್ಕೆ ಕಾರಣ. ನೂಕಿ ಸ್ಟಾರ್ಟ್ ಮಾಡೋಣ ಎಂದವರಿಗೆ ಬೇಡವೆಂದೆ. ಇಂದಿನ ಎಂಜಿನ್ನುಗಳ ಇಂಧನ ಪಂಪಿಗೂ ಕಂಪ್ಯೂಟರಿಗೂ ಮೊದಲು ವಿದ್ಯುತ್ ಬೇಕು, ಕೆಟ್ಟ ಬ್ಯಾಟರಿಯನ್ನು ನಂಬಿ ಹತ್ತು ಜನರ ಬೆವರು ಹರಿಸುವುದರಲ್ಲಿ ಅರ್ಥವಿಲ್ಲ.

ಕಾರು ಚಾಲೂ ಆದ ಮೇಲೆ ಕೇಬಲ್ ಬಿಡಿಸಿ ಮತ್ತೆ ಅಳೆದಾಗ 14.1 ವೋಲ್ಟ್ ಅಲುಗಾಡದೆ ನಿಂತಿತ್ತು. ಎಂದರೆ ಎಂಜಿನ್ ಓಡುವಾಗ ಬ್ಯಾಟರಿಯನ್ನು ಚಾರ್ಜ್ ಮಾಡುವ ಆಲ್ಟರ್ನೇಟರ್ ಸರಿಯಾಗಿದೆ, ಒಳಗಿನ ಸಂಪರ್ಕ ಪೂರ್ತಿ ತುಂಡಾಗದೆ ಎಳೆಯಷ್ಟು ಉಳಿದಿದೆ. ಅಂಕಿ ಕುಣಿಯುತ್ತಿದ್ದರೆ ನಾನು ಆ ಕಾರನ್ನು ಓಡಿಸುತ್ತಿರಲಿಲ್ಲ, ಏಕೆಂದರೆ ಬ್ಯಾಟರಿಯ ಆಸರೆಯಿಲ್ಲದ ಆಲ್ಟರ್ನೇಟರ್ ವೋಲ್ಟೇಜನ್ನು ಒಮ್ಮೆಲೇ ಏರಿಸಿ ಎಲೆಕ್ಟ್ರಾನಿಕ್ ಭಾಗಗಳನ್ನು ಸುಡಬಲ್ಲದು. ಹುಮನಾಬಾದಿನ ಕೆಲಸ ಬಿಟ್ಟು, ಎಸಿ ಹಾಕದೆ, ಎಂಜಿನ್ ಎಲ್ಲಿಯೂ ಆರಿಸದೆ ಕಲಬುರಗಿಗೆ ತಿರುಗಿದೆ.

ಬ್ಯಾಟರಿ ಅಂಗಡಿಯವರು ಆರು ಮುಚ್ಚಳಗಳನ್ನೂ ತೆಗೆದು ಹೈಡ್ರೋಮೀಟರಿನಿಂದ ಒಳಗಿನ ಆ್ಯಸಿಡ್ಡಿನ ಸಾಂದ್ರತೆ ನೋಡಿದರು. ಬ್ಯಾಟರಿಯೊಳಗಿನ ಆರು ಸೆಲ್‌ಗಳಲ್ಲೂ ಅದು 1.250ರ ಹತ್ತಿರವೇ, ಎಂದರೆ ಬಹುಮಟ್ಟಿಗೆ ತುಂಬಿದ ಬ್ಯಾಟರಿಯಲ್ಲಿ ಇರುವಷ್ಟೇ, ಇತ್ತು. ಒಂದು ಸೆಲ್ ಒಳಗೇ ಶಾರ್ಟ್ ಆಗಿದ್ದರೆ ಆ ಒಂದರ ಅಂಕಿ ಬಹಳ ಕೆಳಗಿರುತ್ತಿತ್ತು, ಒಟ್ಟು ವೋಲ್ಟೇಜು ಕೂಡ 10.5ರ ಸಮೀಪಕ್ಕೆ ಬಿದ್ದಿರುತ್ತಿತ್ತು. ಸೆಲ್‌ಗಳೆಲ್ಲ ತುಂಬಿದ್ದೂ ಕರೆಂಟು ಹೊರಬರುತ್ತಿಲ್ಲವೆಂದರೆ ಸೆಲ್‌ಗಳನ್ನು ಒಂದಕ್ಕೊಂದು ಜೋಡಿಸುವ ಸೀಸದ ಬೆಸುಗೆಯೇ ಬಿಟ್ಟಿರಬೇಕು. ನಮ್ಮ ಕಡೆ ಬೇಸಿಗೆಯಲ್ಲಿ ಉಷ್ಣತೆ 40 ಡಿಗ್ರಿ ದಾಟುತ್ತದೆ, ಬಾನೆಟ್ಟಿನ ಕೆಳಗೆ ಅದಕ್ಕಿಂತಲೂ ಹೆಚ್ಚು. ಆ ಕಾವಿಗೆ ಒಳಗಿನ ಸೀಸ ಬೇಗ ಸವೆಯುತ್ತದೆ, ಗುಂಡಿ ಬಿದ್ದ ರಸ್ತೆಯ ಕುಲುಕಾಟ ಸವೆದದ್ದನ್ನು ಮುರಿಯುತ್ತದೆ. ನನ್ನ ಬ್ಯಾಟರಿಯನ್ನು ಟ್ರೇಗೆ ಬಿಗಿಯುವ ಪಟ್ಟಿಯ ನಟ್ಟು ಸಡಿಲವಾಗಿದ್ದುದೂ ಬಿಚ್ಚುವಾಗ ಕಂಡಿತು.

ಹೊಸದನ್ನು ಕೊಳ್ಳುವಾಗ ನಾನು ನೋಡಿದ್ದು ಮೂರನ್ನು: ತಯಾರಾದ ತಿಂಗಳು, ಅಂಗಡಿಯಲ್ಲಿಯೇ ಅಳೆದ ವೋಲ್ಟೇಜು, ಪ್ಲಸ್ ಮೈನಸ್‌ಗಳು ಹಳೆಯದರ ಬದಿಗಳಲ್ಲಿಯೇ ಇವೆಯೇ ಎಂಬುದು. ಹಳೆಯದನ್ನು ಅಂಗಡಿಗೇ ಒಪ್ಪಿಸಿದ್ದಕ್ಕೆ ಬೆಲೆಯಲ್ಲಿ ಒಂದಿಷ್ಟು ಕಡಿತ ಸಿಕ್ಕಿತು. ಹಳೆಯ ಬ್ಯಾಟರಿಯನ್ನು, ಆ್ಯಸಿಡ್ಡನ್ನು ಚರಂಡಿಗೆ ಸುರಿದು ಸೀಸ ಕರಗಿಸುವವರ ಕೈಗೆ ಕೊಡಬಾರದು. ತಯಾರಕರೇ ಹಳೆಯ ಬ್ಯಾಟರಿಗಳ ಹೊಣೆ ಹೊರಬೇಕೆಂದು 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹೇಳುತ್ತವೆ. ಬಿಚ್ಚುವಾಗ ಮೈನಸ್ ಮೊದಲು, ಕೂರಿಸುವಾಗ ಮೈನಸ್ ಕೊನೆಗೆ. ಆಮೇಲೆ ಗಡಿಯಾರ ಸರಿಮಾಡಿ, ತಾನಾಗಿ ಏರುವುದನ್ನು ಮರೆತಿದ್ದ ಕಿಟಕಿಯ ಸ್ವಿಚ್ಚನ್ನು ಗಾಜು ಮೇಲೆ ಮುಟ್ಟಿದ ನಂತರವೂ ಕೆಲವು ಕ್ಷಣ ಹಿಡಿದೆಳೆದಾಗ ಅದೂ ಸರಿಹೋಯಿತು.