ಎರೆ ಹೆಂಟೆ, ಸುಣ್ಣದ ನೀರು, ಕುಕ್ಕರ್

ಸಿಂಧನೂರು ತಾಲ್ಲೂಕಿನ ಹಳ್ಳಿಯೊಂದರಲ್ಲಿ ವಿಜ್ಞಾನದ ಮೇಷ್ಟ್ರು ನಾನು. ಜೂನ್ ಮೊದಲ ವಾರ, ಮಳೆ ಇನ್ನೂ ಬಿದ್ದಿರಲಿಲ್ಲ. ಸೈಬೀರಿಯಾದ ಸದಾ ಹೆಪ್ಪುಗಟ್ಟಿದ ನೆಲದ ಬಗ್ಗೆ ಹೇಳುತ್ತಿದ್ದೆ. ಅಂಥ ನೆಲಗಳಲ್ಲಿ ಹೂತಿರುವ ಇಂಗಾಲ ವಾತಾವರಣದಲ್ಲಿರುವುದರ ಸುಮಾರು ಎರಡು ಪಟ್ಟು. "ಅಷ್ಟು ಚಳಿಯಲ್ಲಿ ಸೂಕ್ಷ್ಮಜೀವಿಗಳು ಸಾಯುವುದಿಲ್ಲವೇ ಸರ್?" ಎಂದು ಹಿಂದಿನ ಬೆಂಚಿನ ಹುಡುಗಿ ಕೇಳಿದಳು. ಎಷ್ಟೋ ಸಾಯುತ್ತವೆ, ಎಷ್ಟೋ ಮಲಗಿರುತ್ತವೆ. ಉಪ್ಪಿನಂಶದಿಂದ ಹೆಪ್ಪುಗಟ್ಟದೆ ಉಳಿದ ನೀರಿನ ತೆಳುಪದರದಲ್ಲಿ ಕೆಲವು ಮೆಲ್ಲಗೆ ಉಸಿರಾಡುತ್ತವೆ ಎಂದೆ. ಅವಳ ಮುಖ ನೋಡಿದರೆ ನಂಬಿದಂತಿರಲಿಲ್ಲ.

ನಮ್ಮಲ್ಲಿ ಹಿಮ ಎಲ್ಲಿಂದ ತರುವುದು? ಆದರೆ ನೀರು ಮಂಜಾಗಿ ಸಿಕ್ಕಿಕೊಂಡರೂ ಬಿಸಿಲಿಗೆ ಆರಿಹೋದರೂ ಸೂಕ್ಷ್ಮಜೀವಿಯ ಪಾಲಿಗೆ ಸಿಗದ ನೀರೇ. ಬಿರುಕು ಬಿಟ್ಟ ಎರೆ ಹೊಲದಿಂದ ಹೆಂಟೆ ತಂದು ಪುಡಿಮಾಡಿ ಮೂರು ಡಬ್ಬಿಗೆ ಹಾಕಿದೆವು. ಒಂದು ಒಣ ಮಣ್ಣು, ಇನ್ನೊಂದಕ್ಕೆ ನೀರು. ಜೀವಿಗಳು ಉಸಿರಾಡಿದರೆ ಇಂಗಾಲದ ಡೈಆಕ್ಸೈಡ್ ಬರುತ್ತದೆ; ಎರೆಯಲ್ಲಿ ಸುಣ್ಣಕಲ್ಲು ಇರುವುದರಿಂದ ಆ ಅನಿಲ ಕಲ್ಲಿನಿಂದ ಬಂತೇ ಎಂಬ ಅನುಮಾನ ಉಳಿಯಬಾರದೆಂದು ಮೂರನೆಯ ಮಣ್ಣನ್ನು ಒದ್ದೆ ಮಾಡಿ ಕುಕ್ಕರಿನಲ್ಲಿ ಒಂದು ಗಂಟೆ ಬೇಯಿಸಿದೆ. (ಆ ಕುಕ್ಕರಿನಲ್ಲಿ ಮತ್ತೆ ಅನ್ನ ಆಗಿಲ್ಲ.) ಪ್ರತಿ ಡಬ್ಬಿಯೊಳಗೂ ಎಲೆ ಅಡಿಕೆಯ ಸುಣ್ಣದಿಂದ ಮಾಡಿದ ತಿಳಿನೀರಿನ ಬಟ್ಟಲು; ಆ ಅನಿಲ ತಗುಲಿದರೆ ಅದು ಬೆಳ್ಳಗಾಗುತ್ತದೆ. ಮೊದಲ ಸಲ ಮುಚ್ಚಳ ಸಡಿಲವಾಗಿ ಮೂರೂ ಬೆಳ್ಳಗಾದವು. ಮುಚ್ಚಳದ ಸುತ್ತ ಮೇಣ ಮೆತ್ತಿ ಮತ್ತೆ ಇಟ್ಟೆವು.

ಮರುದಿನ ಬೆಳಿಗ್ಗೆ ನೀರು ಹಾಕಿದ ಡಬ್ಬಿಯ ಬಟ್ಟಲಿನ ಮೇಲೆ ಹಾಲಿನ ಕೆನೆಯಂಥ ಬಿಳಿ ಪದರ. ಒಣ ಮಣ್ಣಿನದು ತಿಳಿ. ಬೇಯಿಸಿದ್ದೂ ತಿಳಿ. ನಾನು ಬೀಗಿದೆ. ನಾಲ್ಕನೆಯ ದಿನ ಬೇಯಿಸಿದ್ದೂ ಬೆಳ್ಳಗಾಯಿತು! ಕೆಲವು ಬ್ಯಾಕ್ಟೀರಿಯಾಗಳ ಬೀಜಕಗಳು (ಗಟ್ಟಿ ಕವಚದೊಳಗೆ ಮಲಗಿದ ರೂಪ) ಕುಕ್ಕರನ್ನೂ ದಾಟಿ ತೇವ ಸಿಕ್ಕಾಗ ಎದ್ದಿರಬೇಕು. ದಿನಕ್ಕೊಮ್ಮೆಯಂತೆ ಸತತ ಮೂರು ದಿನ ಬೇಯಿಸಿದ ಮೇಲೆ ವಾರವಿಡೀ ತಿಳಿಯಾಗಿಯೇ ಇತ್ತು. ಹುಡುಗಿಗೆ ನನ್ನ ಮಾತಿಗಿಂತ ಆ ನಾಲ್ಕನೆಯ ದಿನವೇ ಹಿಡಿಸಿತು.

ಒಣಗಿದ ಮಣ್ಣು ನೆನೆದಾಗ ಬರುವ ಈ ಉಸಿರಿನ ಜೊತೆ ಸಾರಜನಕವೂ ಬಿಡುಗಡೆಯಾಗುತ್ತದೆಂದು ಬರ್ಚ್ ಎಂಬ ವಿಜ್ಞಾನಿ 1958ರಲ್ಲೇ ಬರೆದಿದ್ದರು. ಸತ್ತ ಜೀವಕೋಶಗಳನ್ನೂ ಹಳೆಯ ಕಸವನ್ನೂ ಎಚ್ಚೆತ್ತ ಸೂಕ್ಷ್ಮಜೀವಿಗಳು ತಿನ್ನುತ್ತವೆ. ಮಿಕ್ಕ ಸಾರಜನಕ ಅಮೋನಿಯಂ ರೂಪದಲ್ಲಿ ಬೇರಿಗೆ. ಹಿಮನೆಲ ಕರಗಿದಲ್ಲೂ ಹೀಗೆಯೇ, ಆದರೆ ನೀರು ನಿಂತು ಗಾಳಿಯಾಡದ ಕಡೆ ಮೀಥೇನ್ ಅನಿಲ ಏಳುತ್ತದೆ.

ಅದಕ್ಕೆ ಸೈಬೀರಿಯಾ ಬೇಕಿಲ್ಲ. ತುಂಗಭದ್ರಾ ಕಾಲುವೆ ನೀರಿನ ಗದ್ದೆಯ ಕೆಸರಿಗೆ ಕೋಲು ಚುಚ್ಚಿದರೆ ಗುಳುಗುಳು ಗುಳ್ಳೆ. ನೀರು ತುಂಬಿದ ಬಾಟಲಿ ಬೋರಲು ಹಾಕಿ ಅದನ್ನು ಹಿಡಿಯಲು ಹುಡುಗರು ಈಗ ಕೆಸರಲ್ಲಿ ನಿಂತಿದ್ದಾರೆ.