ಫುಟ್‌ಪಾತ್ ಬೇಕೆ? ಮೊದಲು ಟೇಪು ಹಿಡಿಯಿರಿ

ರಸ್ತೆಯ ಜಾಗ ಹಂಚುವಾಗ ಗಮನ ಜನರ ಮೇಲಿರಬೇಕು, ವಾಹನಗಳ ಮೇಲಲ್ಲ ಎಂದು 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿ ಹೇಳುತ್ತದೆ. ಆದರೆ ನೀತಿ ತಾನಾಗಿ ನಮ್ಮ ಬೀದಿಗೆ ನಡೆದು ಬರುವುದಿಲ್ಲ. ವಾರ್ಡಿನ ಕ್ರಿಯಾ ಯೋಜನೆಯಲ್ಲಿ ಒಂದು ಕಾಮಗಾರಿಯಾಗಿ ಸೇರಿದರಷ್ಟೇ ಬರುತ್ತದೆ. ಸೇರಿಸುವುದಕ್ಕೆ ನಾಗರಿಕರು ಮಾಡಬೇಕಾದ ಕೆಲಸ ಇದೆ.

ಶುರು ಮಾಡಬೇಕಾದದ್ದು ಅಳತೆಯಿಂದ. ಐದು ಮೀಟರ್ ಟೇಪು, ನೋಟ್‌ಬುಕ್, ಮೊಬೈಲ್ ಸಾಕು. ಮಕ್ಕಳು ಶಾಲೆಗೆ ಹೊರಡುವ ಹೊತ್ತಿಗೆ ಹೋಗಿ. ರಸ್ತೆಗಳಿಗೆ ಮಾನದಂಡ ರೂಪಿಸುವ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ 2012ರ ಮಾರ್ಗಸೂಚಿಯಂತೆ ವಸತಿ ಬೀದಿಯಲ್ಲಿ ನಡೆಯಲು ಕನಿಷ್ಠ 1.8 ಮೀಟರ್, ವಾಣಿಜ್ಯ ಬೀದಿಯಲ್ಲಿ 2.5 ಮೀಟರ್ ತೆರವಾಗಿರಬೇಕು. ಫುಟ್‌ಪಾತಿನ ಅಂಚಿನ ಕರ್ಬ್ ಕಲ್ಲಿನ ಎತ್ತರ 150 ಮಿ.ಮೀ. ದಾಟಬಾರದು. ಕಾಂಪೌಂಡಿನಿಂದ ಕರ್ಬ್‌ವರೆಗಿನ ಅಗಲ ಬರೆದುಕೊಂಡರೆ ಲೆಕ್ಕ ತಪ್ಪುತ್ತದೆ. ಮರ, ಕಂಬ ಕಳೆದು ಕಾಲಿಡಲು ಉಳಿದ ಜಾಗವನ್ನೇ ಅಳೆಯಬೇಕು.

ನಮ್ಮ ಬೀದಿಯಲ್ಲಿ ನೋಡಲು ಎರಡು ಮೀಟರ್ ಅಗಲವಿದೆ. ಟ್ರಾನ್ಸ್‌ಫಾರ್ಮರಿನ ಬೇಲಿಯ ಪಕ್ಕ ಟೇಪು ಹಿಡಿದರೆ 60 ಸೆಂ.ಮೀ. ಅಷ್ಟರಲ್ಲಿ ತರಕಾರಿ ಚೀಲ ಹಿಡಿದ ಅಜ್ಜಿಯೊಬ್ಬರು ಬಂದರು. ಬಸ್ಸು ಹೋಗಲೆಂದು ಕಾದು, ಬೇಲಿ ಹಿಡಿದುಕೊಂಡೇ ಡಾಂಬರಿಗೆ ಇಳಿದರು. ಹತ್ತು ಹೆಜ್ಜೆ ಮುಂದೆ ಚರಂಡಿಗೆ ಚಪ್ಪಡಿಯೇ ಇಲ್ಲ, ಮತ್ತೆ ಇಳಿದರು. ಇಂಥ ಹತ್ತಿ ಇಳಿಯುವ ಜಾಗಗಳನ್ನು ಒಂದೊಂದಾಗಿ ಗುರುತು ಹಾಕಿ ಫೋಟೊ ತೆಗೆಯಿರಿ. "ಫುಟ್‌ಪಾತ್ ಸರಿಯಿಲ್ಲ" ಎಂಬ ಅರ್ಜಿಯನ್ನು ಬದಿಗಿಡಬಹುದು, ಈ ಪಟ್ಟಿಗೆ ಎಂಜಿನಿಯರ್ ಉತ್ತರ ಕೊಡಲೇಬೇಕಾಗುತ್ತದೆ.

ಹೂವಿನ ಬುಟ್ಟಿ, ತಳ್ಳುಗಾಡಿಗಳನ್ನು ದಯವಿಟ್ಟು ಅಡ್ಡಿಗಳ ಪಟ್ಟಿಗೆ ಸೇರಿಸಬೇಡಿ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಅವರ ಜೀವನೋಪಾಯಕ್ಕೆ ರಕ್ಷಣೆ ಕೊಟ್ಟಿದೆ. ಅವರಿಗೂ ಜಾಗವಿರುವ ನಕ್ಷೆ ಕೇಳಿ. ಹೂವಿನವರನ್ನು ಎಬ್ಬಿಸಿದ ಜಾಗದಲ್ಲಿ ಬೈಕು ಬಂದು ನಿಂತದ್ದನ್ನು ನಾನೇ ಕಂಡಿದ್ದೇನೆ.

ಹಿಂದೆ ಅದೇ ಬೀದಿಗೆ ಆದ ಖರ್ಚು ತಿಳಿಯಲು ಮಾಹಿತಿ ಹಕ್ಕಿನ ಅರ್ಜಿ ಹಾಕಿ: ಶುಲ್ಕ 10 ರೂಪಾಯಿ, ಕರ್ನಾಟಕದಲ್ಲಿ 150 ಪದಗಳೊಳಗೆ ಒಂದೇ ವಿಷಯ, ಉತ್ತರಕ್ಕೆ 30 ದಿನ. ಕಾಮಗಾರಿಯ ಅಂದಾಜು ವೆಚ್ಚದ ಪಟ್ಟಿಯ ಪ್ರತಿಯನ್ನೇ ಕೇಳಿ.

ಇಷ್ಟೂ ಕಾಗದ ಹಿಡಿದು ವಾರ್ಡ್ ಸಮಿತಿಗೆ ಹೋಗಿ. ಸಂವಿಧಾನದ 74ನೇ ತಿದ್ದುಪಡಿಯಂತೆ 3 ಲಕ್ಷ ಅಥವಾ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ಅದು ಇರಬೇಕು. ಸಣ್ಣ ಊರಾದರೆ ಪುರಸಭೆಯ ಮುಖ್ಯಾಧಿಕಾರಿಗೆ ಕೊಡಿ. ಬಜೆಟ್ ಸಿದ್ಧವಾಗುವ ಮೊದಲೇ, ಡಿಸೆಂಬರ್ ಒಳಗೆ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ನಿಮ್ಮ ಬೇಡಿಕೆ ಸಭೆಯ ನಡಾವಳಿಯಲ್ಲಿ ದಾಖಲಾಯಿತೇ ನೋಡಿ.

ಮಂಜೂರಾದರೆ ಪೈಪು, ಕೇಬಲ್ ಮೊದಲು, ಕಲ್ಲು ಆಮೇಲೆ ಎಂದು ಪಟ್ಟು ಹಿಡಿಯಿರಿ. ಬೆಂಗಳೂರಿನ ರೆಸಿಡೆನ್ಸಿ ರಸ್ತೆಯಲ್ಲಿ ನಡೆದ ಟೆಂಡರ್‌ಶ್ಯೂರ್ ಎಂಬ ರಸ್ತೆ ಮರುವಿನ್ಯಾಸ ಯೋಜನೆಯ ಕಾಮಗಾರಿಯಲ್ಲಿ ಅವನ್ನು ಫುಟ್‌ಪಾತ್ ಕೆಳಗೇ ಜೋಡಿಸಿದರು, ಮತ್ತೆ ಮತ್ತೆ ರಸ್ತೆ ಅಗೆಯಬಾರದೆಂದು. ಕೆಲಸ ಮುಗಿದು ಬಿಲ್ ಪಾಸಾಗುವ ಮುನ್ನ ಅದೇ ಟೇಪು ಹಿಡಿದು ಟ್ರಾನ್ಸ್‌ಫಾರ್ಮರಿನ ಪಕ್ಕ ಇನ್ನೊಮ್ಮೆ ಅಳೆಯಿರಿ.